ಸೂಜಿಯ ಮೇಲೆ ಬಿದ್ದ ಕೂಗು

ಪಾಂಡು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಬೈತಖೋಲದ ಬಂದರಿನಲ್ಲಿ ಮೀನಿನ ಹರಾಜು ಕೂಗುವುದು ಅವನ ಕೆಲಸ. ಬೋಟಿನಿಂದ ಬುಟ್ಟಿ ಇಳಿಯುವ ಮೊದಲೇ ಬೋಟು ಕಟ್ಟುವ ಧಕ್ಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ, ಹರಾಜು ಮುಗಿದ ಮೇಲೂ ಓಡಾಡುತ್ತಿದ್ದ. ಚಹಾವನ್ನು ನಡೆಯುತ್ತಲೇ ಕುಡಿಯುತ್ತಿದ್ದ. ಹೋಟೆಲಿನವನು ತನ್ನ ಗ್ಲಾಸು ಹುಡುಕಿಕೊಂಡು ಮಂಜುಗಡ್ಡೆಯ ಲಾರಿಯವರೆಗೂ ಬರಬೇಕಾಗುತ್ತಿತ್ತು. "ಒಂದ್ಸಲ ಕೂತ್ಕಳೋ ಪಾಂಡು, ನಿನ್ನ ನೋಡಿ ನಮ್ಗೇ ಸುಸ್ತು" ಎಂದು ಮೀನು ಕೊಳ್ಳಲು ಬಂದ ಹೆಂಗಸರು ಗದರಿದರೆ, "ಕೂತ ಮೀನು ಕೊಳೀತದೆ ಬಾಯೀ" ಎನ್ನುತ್ತಿದ್ದ.

ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷಗಳ ಮಾತು ಇದು. ನಾನು ಆಗ ಕಾರವಾರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಸುದ್ದಿ ಇಲ್ಲದ ಬೆಳಿಗ್ಗೆ ಬಂದರಿಗೆ ಹೋಗುವುದು ರೂಢಿ. ಬಂದರಿನಲ್ಲಿ ಏನೂ ಸಿಗದಿದ್ದರೆ ಪಾಂಡು ಸಿಗುತ್ತಿದ್ದ. ಸಣಕಲು ದೇಹ, ಮೊಣಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ, ಕೊರಳಿಗೆ ಒಂದು ಒದ್ದೆ ಟವೆಲು. ಆ ದೇಹದಿಂದ ಬರುವ ಕೂಗು ಮೇಲೆ ಹೆದ್ದಾರಿಯ ತಿರುವಿನವರೆಗೂ ಕೇಳುತ್ತಿತ್ತು.

ಹರಾಜಿನ ಕಾನೂನು ಅವನು ಮಾಡಿದ್ದಲ್ಲ, ಬಂದರಿನದು. ಬುಟ್ಟಿಯ ಸುತ್ತ ನಿಂತವರು ದರ ಏರಿಸುತ್ತ ಹೋಗುತ್ತಾರೆ. ಪಾಂಡು ಕೈ ಮೇಲೆತ್ತಿ "ಏಕ್ ವಾರ, ದೋನ್ ವಾರ" ಅಂದರೆ ಒಂದು ಸಲ, ಎರಡು ಸಲ ಎಂದು ಕಾಯುತ್ತಾನೆ. "ತೀನ್ ವಾರ" ಎಂದು ಕೈ ಕೆಳಗೆ ಬಿಟ್ಟ ಕ್ಷಣ ಕೂಗು ಬಿತ್ತು, ಹರಾಜು ಮುಗಿಯಿತು ಎಂದು ಅರ್ಥ. ಅದಕ್ಕೆ ಮುಂಚೆ ಕೊನೆಯದಾಗಿ ಯಾರು ಬಾಯಿ ತೆರೆದಿದ್ದರೋ ಮೀನು ಅವರ ತಲೆಗೆ. ಮೊದಲು ಯಾರು ಕೂಗಿದ್ದು, ನಡುವೆ ಯಾರು ಏರಿಸಿದ್ದು ಎಂಬ ತಕರಾರು ನಡೆಯುವುದಿಲ್ಲ. "ಕೊನೆಗೆ ಬಾಯಿ ಬಿಟ್ಟವ್ನೇ ಮಾಲಕ" ಎಂದು ಪಾಂಡು ದಿನಕ್ಕೆ ಹತ್ತು ಸಲ ಯಾರಿಗಾದರೂ ಹೇಳಬೇಕಾಗುತ್ತಿತ್ತು.

ಅವನಿಗೆ ತನ್ನದೇ ಆದ ಒಂದು ನಿಯಮವೂ ಇತ್ತು. ಹರಾಜಿಗೆ ಮೊದಲು ಪ್ರತಿ ಬುಟ್ಟಿಯ ಅಡಿಗೆ ಮೊಳಕೈವರೆಗೆ ಕೈ ಇಳಿಸಿ, ತಳದ ಎರಡು ಬಾಂಗ್ಡೆ ಎಳೆದು ಎಲ್ಲರಿಗೂ ತೋರಿಸುತ್ತಿದ್ದ. ಮೇಲೆ ಹೊಳೆಯುವ ಮೀನು ಹರಡಿ ಕೆಳಗೆ ನಿನ್ನೆಯದನ್ನು ಮುಚ್ಚುವ ಬೋಟಿನವರಿಗೆ ಇದು ಸೇರುತ್ತಿರಲಿಲ್ಲ. "ಅಡಿಗೆ ಕೈ ಹಾಕ್ದೆ ಕೂಗೂಕಾಗ" ಎಂದು, ತಳ ನೋಡದೆ ಕೂಗಬಾರದು ಎಂದು ಅವರ ಮುಖಕ್ಕೇ ಹೇಳುತ್ತಿದ್ದ. ಅವನು ಕೂಗಿದ ಬುಟ್ಟಿ ಮೋಸದ್ದಲ್ಲ ಎಂಬ ಮಾತು ಬಂದರಿನಲ್ಲಿ ಇತ್ತು.

ಅವನಿಗೆ ದತ್ತು ಎಂಬ ಮಗ. ಹುಡುಗನಿಗೆ ಒಂದೂವರೆ ವರ್ಷ ಆಗುವ ಹೊತ್ತಿಗೆ ಪಾಂಡು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹರಾಜಿಗೆ ತರುತ್ತಿದ್ದ. ಅಪ್ಪ ಕೈ ಎತ್ತಿದರೆ ಮಗ ಮೇಲಿನಿಂದ "ಏಕ್ ವಾರ, ದೋನ್ ವಾರ" ಎನ್ನುತ್ತಿದ್ದ. ಹೆಂಗಸರು ನಗುತ್ತಿದ್ದರು. "ನಿನ್ನ ಕೆಲ್ಸ ಹೋಯ್ತು ಪಾಂಡು, ಮಾಲಕ್ರು ಇವನ್ನೇ ಇಟ್ಕಂತ್ರು" ಎಂದು ಒಬ್ಬಳು ಹೇಳಿದ್ದು ನನಗೆ ನೆನಪಿದೆ. ಪಾಂಡುವಿನ ಮುಖ ಆ ದಿನ ಹೇಗಿತ್ತು ಎಂಬುದೂ ನೆನಪಿದೆ.

ಅದಾದ ಸ್ವಲ್ಪ ದಿನಕ್ಕೆ ಅಂಗನವಾಡಿಯಲ್ಲಿ ಲಸಿಕೆಯ ದಿನ ಬಂತು. ಪಾಂಡುವೇ ಎತ್ತಿಕೊಂಡು ಹೋಗಿ ಆ ವಯಸ್ಸಿನ ಸೂಜಿ ಹಾಕಿಸಿದ. ಹುಡುಗನಿಗೆ ಜ್ವರ ಬಂತು, ಮಾರನೆಯ ದಿನ ಬಿಟ್ಟಿತು. ಮುಂದಿನ ಕೆಲವು ವಾರಗಳಲ್ಲಿ ದತ್ತು ಕೂಗುವುದನ್ನು ನಿಲ್ಲಿಸಿದ. ಹೆಗಲ ಮೇಲೆ ಕೂರಿಸಿದರೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇನೋ ಎಂದುಕೊಂಡರೆ, ಬೀದಿಯಾಚೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಶುರುವಾದರೆ ಸಾಕು, ಓಡಿ ಹೋಗಿ ಅದರ ಮುಂದೆ ನಿಲ್ಲುತ್ತಿದ್ದ. ಗೋವಾಕ್ಕೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರು ಇದಕ್ಕೆ ಆಟಿಸಂ ಎಂದರು. ಔಷಧಿ ಇಲ್ಲ, ಕಲಿಸಬೇಕು, ತಾಳ್ಮೆ ಬೇಕು ಎಂದರು.

"ತಾಳ್ಮೆ ಅಂದ್ರೆ ಎಂತ ಮಾಡೂದು ಹೇಳಿ" ಎಂದು ಪಾಂಡು ನನ್ನನ್ನು ಕೇಳಿದ. "ಕೂತ್ಕಣೂದಾ?"

ಭಾನುವಾರಗಳಂದು ಮಲ್ಲಾಪುರದ ಅಣುವಿದ್ಯುತ್ ಸ್ಥಾವರದ ಕ್ವಾರ್ಟರ್ಸ್‌ನಿಂದ ಮೀನಿಗೆ ಬರುವ ಒಬ್ಬ ಎಂಜಿನಿಯರ್ ಇದ್ದರು. ಅವರಿಗೂ ಚಿಕ್ಕ ಮಗುವಿತ್ತು. ಪಾಂಡುವಿನ ಕಥೆ ಕೇಳಿ, ವಿದೇಶದಲ್ಲಿ ಇಂಥದ್ದೇ ಮಾತು ಎದ್ದಿದೆ, ಸೂಜಿಯಿಂದ ಹೀಗಾಗುತ್ತದಂತೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನು ಹೇಳಿದರು. ತಾವೂ ತಮ್ಮ ಮಗುವಿನ ಒಂದು ಸೂಜಿಯನ್ನು ಮುಂದೂಡಿದ್ದೇವೆ ಎಂದರು. ಕೆಟ್ಟ ಮನುಷ್ಯರಲ್ಲ, ಹೆದರಿದ ತಂದೆ. ಆದರೆ ಆ ಮಾತು ಪಾಂಡುವಿನ ಕಿವಿಗೆ ಬಿದ್ದದ್ದು ಬೇರೆಯೇ ರೀತಿಯಲ್ಲಿ. ಮಾತು ಹೋಗುವುದಕ್ಕೆ ಮುಂಚೆ ಕೊನೆಯದಾಗಿ ನಡೆದದ್ದು ಏನು? ಸೂಜಿ. ಅವನ ಕೈ ಕೆಳಗೆ ಬಿತ್ತು. ಅಲ್ಲಿಂದ ಮುಂದೆ ತಕರಾರು ಇರಲಿಲ್ಲ.

ಹರಾಜು ಮುಗಿದ ಮೇಲೆ ಅವನ ಓಡಾಟಕ್ಕೆ ಈಗ ಒಂದು ಗುರಿ ಸಿಕ್ಕಿತು. ಕಂಕುಳಲ್ಲಿ ಕೂಸು ಇರುವ ಯಾವ ಹೆಂಗಸು ಕಂಡರೂ ನಿಲ್ಲಿಸುತ್ತಿದ್ದ. "ಹಾಕ್ಸಬೇಡ ಮಾರಾಯ್ತಿ. ನನ್ನ ಪೋರ ಹಾಡ್ತಾ ಹೋದಂವ, ಮೂಕಾಗಿ ಬಂದ." ಮೋಸ ಮಾಡದ ಹರಾಜುದಾರನ ಮಾತು. ಜನ ನಂಬಿದರು. ಆರೋಗ್ಯ ಕೇಂದ್ರದ ಸಿಸ್ಟರ್ ಬೀದಿಗೆ ಬಂದರೆ ಕೆಲವು ಮನೆಗಳ ಬಾಗಿಲು ಹಾಕಿರುತ್ತಿದ್ದವು, ಒಳಗೆ ಕೂಸು ಅಳುವುದು ಹೊರಗೆ ಕೇಳುತ್ತಿತ್ತು.

ನನ್ನನ್ನೂ ಬಿಡಲಿಲ್ಲ. "ಬರೀರಿ ಪೇಪರಿನವ್ರೇ. ಬಾಂಗ್ಡೆ ಬಂತು, ತಾರ್ಲೆ ಬಂತು ಅಂತ ಬರೀತ್ರಿ. ಇದನ್ನೂ ಬರೀರಿ." ಒಬ್ಬರ ಮಾತಿನ ಮೇಲೆ ಬರೆಯುವುದಿಲ್ಲ, ಗೊತ್ತಿದ್ದವರನ್ನು ಕೇಳಿ ಬರೆಯುತ್ತೇನೆ ಎಂದೆ. "ಗೊತ್ತಿದ್ದವ್ರು ಅಂದ್ರೆ ಯಾರು? ಕಳಕಂಡವ ನಾನು" ಎಂದ.

ಹೀಗಿರುವಾಗ ಅವನಿಗೆ ಮಗಳು ಹುಟ್ಟಿದಳು. ಹೆಸರು ಮಂಗಲಾ. ಮೊದಲ ಸೂಜಿಯನ್ನು ಆಸ್ಪತ್ರೆಯವರು ಹುಟ್ಟಿದಾಗಲೇ ಹಾಕಿದ್ದರು. ಅದಾದ ಮೇಲೆ ಒಂದನ್ನೂ ಹಾಕಲು ಪಾಂಡು ಬಿಡಲಿಲ್ಲ. ಸಿಸ್ಟರ್ ಬಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ. "ಒಂದು ಮಗು ನಿಮ್ಗೆ ಕೊಟ್ಟೆ. ಎರಡನೇದು ಕೊಡೂದಿಲ್ಲ" ಎನ್ನುತ್ತಿದ್ದ. ಅವನ ಹೆಂಡತಿ ಶೇವಂತಿ ಹಿಂದೆ ನಿಂತಿರುತ್ತಿದ್ದಳು. ಅಂಕೋಲೆಯ ಕಡೆಯ ಹೆಣ್ಣು, ಮಾತು ಕಡಿಮೆ. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಅವಳನ್ನು ಹೆಸರು ಹಿಡಿದು ಕರೆಯದೆ "ಅಂಕೋಲೆಯವಳು" ಎಂದೇ ಕರೆಯುತ್ತಿದ್ದರು.

ಮಂಗಲಾಳಿಗೆ ಒಂಬತ್ತು ತಿಂಗಳು ತುಂಬಿ, ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಬೀದಿಗೆ ದಡಾರ ಬಂತು. ಒಂದು ಮನೆಯಲ್ಲಿ ಶುರುವಾಗಿ ಪಕ್ಕದ ಮನೆಗೆ ಹೋಯಿತು. ಮೈಮೇಲೆ ಕೆಂಪು ಗುಳ್ಳೆ, ಸುಡುವ ಜ್ವರ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಅಮ್ಮ ಬಂದಿದ್ದಾಳೆ ಎಂದರು. ಒಂದು ಕೂಸಿಗೆ ಎದೆ ಕಟ್ಟಿ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದರು. ಆ ಕೂಸಿನ ಮನೆ ಸಿಸ್ಟರ್‌ಗೆ ಬಾಗಿಲು ಹಾಕಿದ ಮನೆಗಳಲ್ಲಿ ಒಂದು. ಪಾಂಡುವಿಗೆ ಇದು ಗೊತ್ತಿತ್ತು.

ಆ ದಿನ ಅವನು ನಮ್ಮ ಕಚೇರಿಗೆ ಬಂದ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಮೇಜಿನ ಈ ಕಡೆಯಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ.

"ಹಾಕ್ಸಿದ್ರೆ ಮಾತು ಹೋಗ್ತದೆ. ಹಾಕ್ಸದಿದ್ರೆ ಜೀವ ಹೋಗ್ತದೆ ಅಂತ್ರು. ನಾ ಎಂತ ಮಾಡೂದು ಪೇಪರಿನವ್ರೇ? ಒಂದು ಕಡೆ ಹೇಳಿ."

ನಾನು ಹೇಳುವವನಲ್ಲ, ಗೊತ್ತಿದ್ದವರಿಂದ ಕೇಳಿಸಬಲ್ಲೆ ಎಂದೆ. ಕಾರವಾರದಲ್ಲಿ ಮಕ್ಕಳ ಡಾಕ್ಟರೊಬ್ಬರಿದ್ದರು, ವಯಸ್ಸಾದ ಹೆಂಗಸು, ಇದೇ ಕರಾವಳಿಯವರು. ಸಂಜೆ ಅವರ ಬಳಿ ಹೋದೆವು. ಶೇವಂತಿ ಮಂಗಲಾಳನ್ನು ಎತ್ತಿಕೊಂಡಿದ್ದಳು. ದತ್ತು ಒಳಗೆ ಬಂದವನೇ ಫ್ಯಾನಿನ ಕೆಳಗೆ ನಿಂತು ಮೇಲೆ ನೋಡತೊಡಗಿದ.

ಡಾಕ್ಟರು ಪಾಂಡುವಿನ ಮಾತನ್ನು ತುಂಡರಿಸದೆ ಕೇಳಿದರು. ಆಮೇಲೆ ಹೇಳಿದರು: "ಜ್ವರ ಬಂದದ್ದು ಸುಳ್ಳಲ್ಲ. ಸೂಜಿಯಿಂದಲೇ ಬಂದಿರಬೇಕು, ಕೆಲವು ಮಕ್ಕಳಿಗೆ ಬರ್ತದೆ. ಆದರೆ ಮಾತು ಹೋದದ್ದು ಸೂಜಿಯಿಂದ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಮಕ್ಕಳನ್ನು ನೋಡಿದ್ದಾರೆ. ನೀನು ಹೇಳಿದ ವಿದೇಶದ ಮಾತು ಎದ್ದ ಮೇಲೇ ನೋಡಿದ್ದು. ಸಂಬಂಧ ಸಿಕ್ಕಿಲ್ಲ. ಈ ತೊಂದರೆ ಕಣ್ಣಿಗೆ ಬೀಳುವ ವಯಸ್ಸೂ ಸೂಜಿ ಹಾಕುವ ವಯಸ್ಸೂ ಒಂದೇ ಪಾಂಡು. ಅದಕ್ಕೇ ಹಾಗೆ ಕಾಣ್ತದೆ."

"ಮತ್ತೆ ಎಂತದರಿಂದ?"

"ಪೂರ್ತಿ ಗೊತ್ತಿಲ್ಲ. ಹುಟ್ಟುವ ಮೊದಲೇ ಇರ್ತದೆ ಅಂತ ಕಾಣ್ತದೆ. ಯಾರ ತಪ್ಪೂ ಅಲ್ಲ."

"ಗೊತ್ತಿಲ್ಲ ಅಂತ ನೀವೇ ಹೇಳ್ತ್ರಿ" ಎಂದ ಪಾಂಡು. "ಗೊತ್ತಿಲ್ಲದ್ರ ಮೇಲೆ ನಾ ಇನ್ನೊಂದು ಮಗು ಇಡೂದಾ?"

"ದಡಾರ ಗೊತ್ತದೆ. ಅದು ಎಂತ ಮಾಡ್ತದೆ ಅಂತ ಪೂರ್ತಿ ಗೊತ್ತದೆ" ಎಂದರು ಡಾಕ್ಟರು. ಆಮೇಲೆ ಶೇವಂತಿಯ ಕಡೆ ತಿರುಗಿ, "ಇವ ಹೆಸರು ಕರೆದ್ರೆ ಮೊದಲು ತಿರುಗ್ತಿದ್ನಾ, ಸೂಜಿಗಿಂತ ಮೊದಲು?" ಎಂದು ಕೇಳಿದರು.

"ತಿರುಗ್ತಿದ್ದ" ಎಂದ ಪಾಂಡು. ಶೇವಂತಿ ಗೋಡೆ ನೋಡುತ್ತಿದ್ದಳು.

ಡಾಕ್ಟರು ಮತ್ತೆ ಕೇಳಲಿಲ್ಲ. ಎರಡು ದಿನ ಬಿಟ್ಟು ಅಂಗನವಾಡಿಯಲ್ಲಿ ಲಸಿಕೆ ಇದೆ, ಯೋಚನೆ ಮಾಡಿ ಎಂದರು. ನಾವು ಹೊರಗೆ ಬಂದೆವು. ಪಾಂಡು ಮಗಳನ್ನು ಎತ್ತಿಕೊಂಡು ಜಗಲಿಯ ಮೇಲೆ ಅತ್ತಿಂದಿತ್ತ ನಡೆಯತೊಡಗಿದ. "ಅವ್ರಿಗೇ ಗೊತ್ತಿಲ್ಲ, ನಾನೆಂತ ಮಾಡೂದು" ಎಂದು ತನ್ನಷ್ಟಕ್ಕೇ ಹೇಳುತ್ತಿದ್ದ. ಮುಂದಿನ ಮಾತನ್ನು ಶೇವಂತಿ ಮೆಟ್ಟಿಲ ಮೇಲೆ ನಿಂತು, ಅವನ ಮುಖ ನೋಡದೆ ಹೇಳಿದಳು. ನಾನು ಹತ್ತಿರದಲ್ಲೇ ಇದ್ದೆ. ದೂರ ಸರಿಯಲು ಹೊತ್ತು ಸಿಗಲಿಲ್ಲ.

"ಇಂವ ಮೊದ್ಲೂ ತಿರುಗ್ತಿರ್ಲಿಲ್ಲ."

"ಎಂತ ಹೇಳ್ದೆ?"

"ಸೂಜಿಗಿಂತ ಮೊದ್ಲು. ಅಂಕೋಲೆಲಿ, ನಮ್ಮನೇಲಿ, ಗೇರುಬೀಜ ಒಣ್ಸೂ ಹೊತ್ತಿಗೆ. ನಮ್ಮವ್ವಿ ಹಿಂದಿಂದ ಹೆಸ್ರು ಹಿಡ್ದು ಕರೆದ್ಲು, ಕರೆದ್ಲು. ಕಡಿಗೆ ತಾಟು ಬಡಿದ್ಲು. ಅಂವ ಸೈಕಲ್ ಚಕ್ರ ತಿರುಗಿಸ್ತಾ ಕೂತಿದ್ದ. ನಂಗೆ ಅವತ್ತೇ ಎದೆ ಧಸಕ್ ಅಂತು."

"ಏಕ್ ವಾರ, ದೋನ್ ವಾರ ಅಂತಿದ್ನಲ್ಲ."

"ಅಂತಿದ್ದ. ಗೋಡೆಗೂ ಅಂತಿದ್ದ. ಹಸಿವಾದ್ರೆ ಒಂದಿನ ಆಯಿ ಅಂತ ಕರ್ದಿದ್ನಾ? ನೀರು ಕೇಳಿದ್ನಾ? ನಿಮ್ಮ ಕೂಗು ಅವನ ಬಾಯಲ್ಲಿ ಇತ್ತು, ಅಷ್ಟೆ."

ಪಾಂಡು ಇನ್ನೂ ನಡೆಯುತ್ತಿದ್ದ. "ಇಷ್ಟು ವರ್ಷ ಎಂತಕೆ ಸುಮ್ನಿದ್ದೆ?"

"ಸೂಜಿ ಅಂತ ನೀವು ಹೇಳಿದ ದಿವ್ಸದಿಂದ ನಿಮ್ಮ ಆಯಿ ನನ್ನ ಬೈಯೂದು ಬಿಟ್ರು. ಅದ್ಕೆ ಮೊದ್ಲು ಎಂತ ಅಂತಿದ್ರು ನೆನಪದೆಯಾ? ಬಸುರಿಲಿ ಗ್ರಹಣದ ದಿವ್ಸ ಹೊರಗೆ ಬಂದ್ಲು, ಅಂಕೋಲೆ ರಕ್ತವೇ ಸಮ ಇಲ್ಲ ಅಂತ. ಸೂಜಿ ನನ್ನ ಕಾಪಾಡ್ತು. ನಾ ಸುಮ್ನಿದ್ದೆ." ದತ್ತುವಿನ ಕೈ ಹಿಡಿದುಕೊಂಡು ಅಂದಳು: "ಅಡಿಗೆ ಕೈ ಹಾಕ್ದೆ ಕೂಗೂಕಾಗ ಅಂತ ಊರಿಗೆಲ್ಲ ಹೇಳ್ತ್ರಿ. ಈ ಬುಟ್ಟಿಗೆ ನೀವು ಕೈ ಹಾಕ್ಲಿಲ್ಲ, ನಾ ಹಾಕೂಕೆ ಬಿಡ್ಲಿಲ್ಲ. ಇನ್ನು ಬೇಕಾದ್ರೆ ನಾನೇ ಆಯಿ ಹತ್ರ ಬೈಸ್ಕಂತೆ. ಪೋರಿಗೆ ಹಾಕ್ಸಿ."

ಪಾಂಡು ನಿಂತ. ಅಪ್ಪನ ನಡಿಗೆಗೆ ಒಗ್ಗಿದ್ದ ಮಂಗಲಾ, ನಡಿಗೆ ನಿಂತದ್ದಕ್ಕೆ ಅಳಲು ಶುರು ಮಾಡಿದಳು. ಅವನು ಅವಳನ್ನು ಶೇವಂತಿಯ ಕೈಗೆ ಕೊಟ್ಟು ಸಮುದ್ರದ ಕಡೆ ಹೋದ. ಮರುದಿನ ಹರಾಜಿಗೆ ಬರಲಿಲ್ಲ. ಬೇರೆಯವನು ಕೂಗಿದ. ಕೆಳಗಿನ ಮೀನು ಹಳೆಯದು ಎಂದು ಅವತ್ತು ಎರಡು ಜಗಳವಾಯಿತು.

ಲಸಿಕೆಯ ದಿನ ನಾನು ವರದಿಗೆಂದು ಅಂಗನವಾಡಿಗೆ ಹೋಗಿದ್ದೆ. ಹೊರಗೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಗುಂಪಾಗಿ ನಿಂತಿದ್ದರು, ಒಳಗೆ ಹೋಗುವವರು ಕಡಿಮೆ. ಎಲ್ಲರ ಕಣ್ಣು ರಸ್ತೆಯ ಮೇಲೆ. ಪಾಂಡು ಬರುತ್ತಾನೋ ಇಲ್ಲವೋ, ಬಂದರೆ ಏನು ಮಾಡುತ್ತಾನೆ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿಯಬೇಕಿತ್ತು. ಅವನು ಬಂದ. ಮಗಳು ತೋಳಿನ ಮೇಲೆ, ಹಿಂದೆ ಶೇವಂತಿ ದತ್ತುವಿನ ಕೈ ಹಿಡಿದು, ಅವಳ ಹಿಂದೆ ಗೊಣಗುತ್ತ ಅವನ ತಾಯಿ.

"ಹಾಕಿ" ಎಂದು ಮಗಳನ್ನು ಶೇವಂತಿಗೆ ಕೊಟ್ಟು ಸಿಸ್ಟರ್‌ಗೆ ಹೇಳಿದ. "ನಾ ನೋಡೂದಿಲ್ಲ, ಹೊರಗೆ ಇರ್ತೆ."

ಹೊರಗೆ ನಲ್ಲಿಯಿಂದ ಗೇಟಿಗೆ, ಗೇಟಿನಿಂದ ನಲ್ಲಿಗೆ ನಡೆದ. ಮಂಗಲಾಳ ಅಳು ಕೇಳಿದಾಗ ಗೇಟಿನ ಸರಳು ಹಿಡಿದುಕೊಂಡ. ಆಮೇಲೆ ಹೆಂಗಸರ ಕಡೆ ತಿರುಗಿ, "ನನ್ನ ಮಾತು ಕೇಳಿ ನಿತ್ತವ್ರು ಇದ್ರೆ ಒಳಗೆ ಹೋಗಿ" ಎಂದ.

"ನಿನ್ನೆವರೆಗೆ ವಿಷ ಅಂದೆ. ಇವತ್ತು ಅಮೃತ ಅಂತ್ಯಾ?" ಎಂದು ಒಬ್ಬಳು ಚುಚ್ಚಿದಳು.

"ಅಮೃತ ಅನ್ನೂದಿಲ್ಲ. ನನ್ನ ಪೋರಿಗೆ ಹಾಕ್ಸಿದೆ. ಅಷ್ಟೇ ಹೇಳಿದ್ದು."

ಅವನ ತಾಯಿಗೆ ಅಷ್ಟರಲ್ಲಿ ಲೆಕ್ಕ ಹೊಳೆದಿತ್ತು. ಸೂಜಿ ಅಲ್ಲದಿದ್ದರೆ ಮತ್ತೆ ಯಾರು? ಮುದುಕಿ ಸೊಸೆಯ ಕಡೆ ಕಣ್ಣು ಹಾಯಿಸಿ ಬಾಯಿ ತೆರೆಯುವ ಮೊದಲೇ ಪಾಂಡು ನಡುವೆ ಬಂದ.

"ತಪ್ಪು ನಂದು, ಆಯಿ. ಯಾರು ಕೇಳಿದ್ರೂ ನನ್ನ ರಕ್ತ ಹೇಳು, ನನ್ನ ಅಪ್ಪನ ಕಡೆದು ಹೇಳು. ಅಂಕೋಲೆ ಹೆಸ್ರು ತೆಗೀಬೇಡ."

ಅದೂ ಸರಿಯಲ್ಲ. ಯಾರ ತಪ್ಪೂ ಅಲ್ಲ ಎಂದೇ ಡಾಕ್ಟರು ಹೇಳಿದ್ದರು. ಆದರೆ ಆ ಮನೆಯಲ್ಲಿ ಯಾರದೂ ಅಲ್ಲ ಎಂಬ ಉತ್ತರ ಒಂದು ದಿನವೂ ಬಾಳುತ್ತಿರಲಿಲ್ಲ. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದರು. ಹೊರಗೆ ಬಂದಿದ್ದ ಶೇವಂತಿ ಮಗಳ ತೋಳಿನ ಮೇಲೆ ಹತ್ತಿಯ ಉಂಡೆ ಒತ್ತಿ ಹಿಡಿದು ನಿಂತಿದ್ದಳು.

ಪಾಂಡುವಿಗೆ ನೆಮ್ಮದಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ತಿಂಗಳುಗಳಲ್ಲಿ ಅವನು ಹಗಲಿಡೀ ಮಗಳನ್ನು ಕರೆಯುತ್ತಿದ್ದ. ಹಿಂದಿನಿಂದ, ಕಿಟಕಿಯಿಂದ, ಬಾಗಿಲ ಮರೆಯಿಂದ. ಮಂಗಲಾ ತಿರುಗುತ್ತಿದ್ದಳು. ತಿರುಗಿದರೆ ಅವನು ಮರೆಯಾಗುತ್ತಿದ್ದ, ಮತ್ತೆ ಕರೆಯುತ್ತಿದ್ದ. ಅವಳು ಅದನ್ನು ಆಟ ಎಂದುಕೊಂಡು ನಗುತ್ತಿದ್ದಳು. ಹರಾಜಿನ ನಡುವೆ ಬುಟ್ಟಿ ಬಿಟ್ಟು ಮನೆಗೆ ಓಡಿ, ಕರೆದು, ನೋಡಿ ಬಂದದ್ದೂ ಇದೆ. "ಪೋರಿ ಕತ್ತು ಉಳುಕ್ತದೆ ಮಾರಾಯಾ, ಬಿಡು ಅದನ್ನ" ಎಂದು ಹೆಂಗಸರು ಬೈದರು. ದತ್ತು ಮಾತ್ರ ಮಾತನಾಡಲಿಲ್ಲ. ಆದರೆ ಶೇವಂತಿ ಅವನ ಕೈ ಹಿಡಿದು ತಾಟು, ನೀರು, ಚಪ್ಪಲಿ ಎಂದು ಮುಟ್ಟಿಸಿ ಕಲಿಸಲು ಶುರು ಮಾಡಿದ್ದಳು. ತನಗೆ ಬೇಕಾದದ್ದರ ಕಡೆ ಅವಳ ಕೈ ಎಳೆಯುವುದನ್ನು ಹುಡುಗ ಕಲಿತ. ಅದನ್ನು ಅವಳು ನನಗೆ ಹೇಳಿದ ರೀತಿಯಲ್ಲಿ, ಮೊದಲ ಸಲ ಸ್ವಲ್ಪ ಜಂಬ ಇತ್ತು.

ಒಂದು ಮಳೆಗಾಲ, ಬೋಟುಗಳು ದಡ ಸೇರಿದ ಹೊತ್ತಿನಲ್ಲಿ, ಅವರು ಬೈತಖೋಲ ಬಿಟ್ಟು ಅಂಕೋಲೆಗೆ ಹೋದರು. ಬಂದರಿನ ಗದ್ದಲ ದತ್ತುವಿಗೆ ಆಗುವುದಿಲ್ಲ ಎಂಬುದು ಒಂದು ಕಾರಣ, ತಾಯಿಯ ಬಾಯಿ ಇನ್ನೊಂದು. ಶೇವಂತಿಯ ಅಣ್ಣನಿಗೆ ಮಾವಿನಕಾಯಿ, ಗೇರುಬೀಜದ ವ್ಯಾಪಾರ ಇತ್ತು. ಪಾಂಡು ಅದರಲ್ಲಿ ಸೇರಿಕೊಂಡ ಎಂದು ಕೇಳಿದೆ. ನನಗೂ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಯಿತು.

ಕೊನೆಯ ಸಲ ನೋಡಿದ್ದು ಆ ದಶಕ ಮುಗಿಯುವ ಮೊದಲು, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಬಸ್ಸು ಚಹಾಕ್ಕೆ ನಿಂತಿತ್ತು. ಪಾಂಡು ಪ್ಲಾಟ್‌ಫಾರಂ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ, ಜೊತೆಗೆ ಶಾಲೆಯ ಸಮವಸ್ತ್ರದ ಒಂದು ಹುಡುಗಿ ಓಡುತ್ತಿದ್ದಳು. ನನ್ನನ್ನು ಕಂಡು ನಡಿಗೆ ನಿಲ್ಲಿಸಿ ಮಾತಾಡಿದ. ದತ್ತು ಅಮ್ಮನ ಜೊತೆ ಮನೆಯಲ್ಲಿದ್ದಾನೆ, ಗೇರುಬೀಜ ದೊಡ್ಡದು ಸಣ್ಣದು ಬೇರೆ ಮಾಡುತ್ತಾನೆ, ಮಾತು ಇಲ್ಲ, ಕೇಳಿದರೆ ಕೈ ತೋರಿಸುತ್ತಾನೆ ಎಂದ. ಈಗ ಎಲ್ಲಿಗೆ ಎಂದೆ.

"ಸರ್ಕಾರಿ ಆಸ್ಪತ್ರೆಗೆ. ಐದು ವರ್ಷದ್ದು ಒಂದು ಸೂಜಿ ಅದೆ ಅಂತ್ರಲ್ಲ, ಅದು."

"ಅಪ್ಪ ಹೊರಗೆ ನಿತ್ಕಂತ" ಎಂದಳು ಹುಡುಗಿ. "ಅಂವ ಅಳ್ತ. ನಾ ಅಳೂದಿಲ್ಲ."

"ಇನ್ನೂ ಹೆದರಿಕೆಯಾ ಪಾಂಡು?" ಎಂದು ಕೇಳಿದೆ.

"ಅದೆ. ಡಾಕ್ಟ್ರು ಹೇಳಿದ್ದು ಸಮ ಇರ್ಬೌದು. ಇವಳ ಆಯಿ ಹೇಳಿದ್ದಂತೂ ಸಮ. ಆದ್ರೆ ದತ್ತುನ್ನ ಅವತ್ತು ಎತ್ಕಂಡು ಹೋದ ಕೈ ಇದೇ ಅಲ್ಲನಾ ಪೇಪರಿನವ್ರೇ. ಈ ಕೈಗೆ ಯಾರೂ ತಿಳಿಸಿ ಹೇಳೂಕಾಗ." ಆಮೇಲೆ ಆಸ್ಪತ್ರೆಯ ಹೊತ್ತು ಮುಗಿಯುತ್ತದೆ ಎಂದು ಹೊರಟ. ಹುಡುಗಿಯೇ ಅವನ ಕೈ ಹಿಡಿದು ಎಳೆದುಕೊಂಡು ಮುಂದೆ ಹೋದಳು.

ಸ್ವಲ್ಪ ಹೊತ್ತಿಗೆ ನನ್ನ ಬಸ್ಸು ಬಿಟ್ಟಿತು. ಆಸ್ಪತ್ರೆಯ ಎದುರು ಒಂದು ಲಾರಿ ಅಡ್ಡ ಬಂದು ಬಸ್ಸು ನಿಧಾನವಾದಾಗ ಅವರು ಗೇಟಿನ ಬಳಿ ಕಂಡರು. ಪಾಂಡು ನಿಂತಿದ್ದ. ಮಂಗಲಾ ಒಳಗೆ ಹೆಜ್ಜೆ ಇಟ್ಟಾಗಿತ್ತು, ಅವನ ಕೈ ಬಿಟ್ಟಿರಲಿಲ್ಲ. ಲಾರಿ ಸರಿಯಿತು, ಬಸ್ಸು ಮುಂದಕ್ಕೆ ಹೋಯಿತು. ಅವನು ಒಳಗೆ ಹೋದನೋ ಇಲ್ಲವೋ ನಾನು ನೋಡಿಲ್ಲ.